ತಳ ಕಾಣುವ ನೀರು

ಆಸ್ತಮಾ ಇದೆಯೇ? ಇಲ್ಲ. ಕಿವಿಯ ಆಪರೇಷನ್ ಆಗಿದೆಯೇ? ಇಲ್ಲ. ವಯಸ್ಸು 45 ದಾಟಿದೆಯೇ? ಅಲ್ಲಿಗೆ ಪೆನ್ನು ನಿಂತಿತು.

"ಖರೇನೇ ಬರೀರಿ ಮಾಮಾ, ನೀರಾಗ ಸುಳ್ಳು ನಡೆಯಂಗಿಲ್ಲ," ಅಂದ ತಂಗಿಯ ಮಗ. ಅವನಿಗೆ ದುಬೈಯಲ್ಲಿ ನೌಕರಿ. ಮೂರು ವರ್ಷದಿಂದ "ಬರ್ರಿ, ಬರ್ರಿ" ಅಂತ ಕರೆಯುತ್ತಲೇ ಇದ್ದ. ನಾನು ಹೋದದ್ದು ಎತ್ತರದ ಬುರ್ಜ್ ನೋಡಲಿಕ್ಕೆ. ಅವನು ಕರೆತಂದು ನಿಲ್ಲಿಸಿದ್ದು ಆಳದ ಮುಂದೆ.

ಊರಿನ ಒಳಗೆ, ನಾದ್ ಅಲ್ ಶೆಬಾ ಅನ್ನುವ ಕಡೆ, ಸಿಂಪಿಯ ಆಕಾರದ ಒಂದು ಕಟ್ಟಡ. ಒಳಗೆ ಹೋದರೆ ಮದುವೆ ಹಾಲಿನಂಥ ತಂಪು, ಕಾಫಿಯ ವಾಸನೆ, ಗಾಜಿನಾಚೆ ನೀಲಿ ನೀರು. ಮೇಲಿಂದ ನೋಡಿದರೆ ಸಾಮಾನ್ಯ ಈಜುಕೊಳವೇ. ಆದರೆ ಆಳ 60.02 ಮೀಟರ್. 2021ರಲ್ಲಿ ಇದು ತೆರೆದಾಗ ಜಗತ್ತಿನ ಅತಿ ಆಳದ ಡೈವಿಂಗ್ ಕೊಳವೆಂದು ಗಿನ್ನೆಸ್ ದಾಖಲೆಗೆ ಸೇರಿತು. ಆ 0.02 ಮೀಟರ್ ಅಂದರೆ ಎರಡು ಸೆಂಟಿಮೀಟರ್. ಅಷ್ಟನ್ನೂ ಬಿಡದೆ ಲೆಕ್ಕಕ್ಕೆ ಹಿಡಿದವರ ಶ್ರದ್ಧೆ ನನಗೆ ಹಿಡಿಸಿತು. ನಮ್ಮಲ್ಲಿ ಹೊಲ ಅಳೆಯುವಾಗಲೂ ಎರಡು ಸೆಂಟಿಮೀಟರಿಗೆ ಜಗಳ ಬರುತ್ತದೆ ನೋಡಿ.

ನಾನು ಕಲಬುರಗಿಯಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುವವನು. ಬಾಯ್ಲ್‌ನ ನಿಯಮವನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸುತ್ತ ಬಂದಿದ್ದೇನೆ. ಒತ್ತಡ ಹೆಚ್ಚಿದರೆ ಗಾಳಿಯ ಗಾತ್ರ ಕುಗ್ಗುತ್ತದೆ; ಬರೆದುಕೊಳ್ಳಿ, ಎರಡು ಮಾರ್ಕಿಗೆ ಬರ್ತದ. ಆ ನಿಯಮ ನನ್ನ ಕಿವಿಯೊಳಗೇ ಕೂತಿದೆ ಅಂತ ಗೊತ್ತಾಗಲು ಅಷ್ಟು ದೂರ ಹೋಗಬೇಕಾಯಿತು.

ಗೊತ್ತಾಗಬೇಕಿತ್ತು, ಚಿಕ್ಕವನಿದ್ದಾಗಲೇ. ಚಿತ್ತಾಪುರ ತಾಲ್ಲೂಕಿನ ನಮ್ಮೂರಲ್ಲಿ ನನಗೆ ಈಸು ಕಲಿಸಿದವನು ಕಾಕಾ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಹೊಲದ ಬಾವಿಗೆ ಎತ್ತಿ ಒಗೆದ. ಕಲಿಸಿದ್ದು ಅಂದರೆ ಅಷ್ಟೇ. ಬೇಸಿಗೆಯಲ್ಲಿ ಮೂರಾಳು ನೀರು, ಮಳೆಗಾಲ ಮುಗಿದ ಮೇಲೆ ಐದಾಳು. ಆ ಬಾವಿಯ ತಳವನ್ನು ನಾನು ಒಂದು ದಿನವೂ ಕಂಡವನಲ್ಲ. ಎರೆಮಣ್ಣಿನ ಸೀಮೆಯ ಬಾವಿ. ಮೇಲೆ ಹಸಿರು, ಒಂದಾಳು ಇಳಿದರೆ ಚಹಾದ ಬಣ್ಣ, ಅದರ ಕೆಳಗೆ ಏನೂ ಇಲ್ಲ.

ಕಾಕಾನಿಗೆ ಮಾತ್ರ ಆ ತಳದ ಜೊತೆ ವ್ಯವಹಾರವಿತ್ತು. ಯಾರದಾದರೂ ಹಿತ್ತಾಳೆ ಕೊಡ ಹಗ್ಗ ಕಡಿದು ಬಾವಿಗೆ ಬಿತ್ತೆಂದರೆ ಮೊದಲು ನಮ್ಮ ಮನೆಯ ಪಾತಾಳಗರಡಿ ಹೋಗುತ್ತಿತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ: ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ಜೋತುಬಿಟ್ಟ ಒಂದು ಸಾಧನ. ಹಗ್ಗ ಕಟ್ಟಿ ಇಳಿಬಿಟ್ಟು, ತಳದಲ್ಲಿ ಆಡಿಸಿದರೆ ಯಾವುದಾದರೂ ಕೊಕ್ಕೆಗೆ ಕೊಡದ ಕಂಠ ಸಿಗುತ್ತದೆ. ಸಿಗದಿದ್ದರೆ ಕಾಕಾನೇ ಇಳಿಯಬೇಕು. ಅಂಗಿ ಕಳಚಿ, ಎದೆ ತುಂಬ ಉಸಿರು ಎಳೆದು, ತಲೆ ಕೆಳಗಾಗಿ ಹೋಗಿಬಿಡುತ್ತಿದ್ದ. ನಾವು ದಡದಲ್ಲಿ ಕೂತು ಎಣಿಸುತ್ತಿದ್ದೆವು. ಇಪ್ಪತ್ತು, ಮೂವತ್ತು, ನಲವತ್ತು. ಮೊದಲು ಗುಳ್ಳೆ, ಆಮೇಲೆ ಕೊಡ, ಆಮೇಲೆ ಕಾಕಾ. ಇದಕ್ಕೆ ಕೂಲಿ ಅಂತೇನೂ ಇರಲಿಲ್ಲ. ಕೊಡದ ಮನೆಯವರು ಚಹಾ ಕೊಡೋರು, ಹಬ್ಬ ಬಂದರೆ ಹೋಳಿಗೆ ಕಳಿಸೋರು.

ಬಹಳ ದಿನ ಬಳಸದ ಬಾವಿಯಾದರೆ ಇಳಿಯುವ ಮುಂಚೆ ಕಂದೀಲು ಹಚ್ಚಿ ಹಗ್ಗದಲ್ಲಿ ಬಿಟ್ಟು ನೋಡುತ್ತಿದ್ದ. ದೀಪ ಆರಿದರೆ ಆ ದಿನ ಇಳಿಯುವುದಿಲ್ಲ. ಕೆಟ್ಟ ಗಾಳಿಯ ಲೆಕ್ಕ ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ. ಕಿವಿಯದ್ದೂ ಹಾಗೆಯೇ. "ಎರಡಾಳು ಇಳದ್ರ ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತದ. ಆವಾಗ ಉಗುಳು ನುಂಗಬೇಕು. ನುಂಗಿದ್ರ ಹಾದಿ ಬಿಡ್ತದ," ಅನ್ನುತ್ತಿದ್ದ.

ದುಬೈಯ ತರಬೇತುದಾರ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಮೂಗು ಹಿಡಿದು ಮೆಲ್ಲಗೆ ಊದಿ, ಇಲ್ಲವೇ ನುಂಗಿ. ನೋವು ಬರುವ ಮುಂಚೆಯೇ ಮಾಡಿ, ಬಂದ ಮೇಲಲ್ಲ. ನಡುಗಿವಿಗೂ ಗಂಟಲಿಗೂ ನಡುವೆ ಸಣ್ಣ ನಾಳವಿದೆ. ನುಂಗಿದಾಗ ಅದು ತೆರೆದು, ಗಾಳಿ ಒಳಗೆ ಹೋಗಿ, ಕಿವಿಯ ಪರದೆಯ ಎರಡೂ ಬದಿಯ ಒತ್ತಡ ಸಮವಾಗುತ್ತದೆ. ನಾನು ತಲೆಯಾಡಿಸಿದೆ. ಇದು ನನಗೆ ಬರ್ತದ ಅನ್ನುವ ಗತ್ತು ಬೇರೆ.

ಗತ್ತು ಇಳಿದದ್ದು ಅವನ ಮುಂದಿನ ಮಾತಿಗೆ. ಒಂದೇ ಒಂದು ನಿಯಮ ನೆನಪಿಡಿ, ಉಳಿದದ್ದು ಮರೆತರೂ ನಾನಿದ್ದೇನೆ, ಅಂದ: ಉಸಿರು ಹಿಡಿಯಬೇಡಿ. ಯಾವ ಕಾರಣಕ್ಕೂ.

ನೀರಿಗಿಳಿದರೆ ಉಸಿರು ಬಿಗಿಹಿಡಿಯಬೇಕು ಅನ್ನುವುದು ನನ್ನ ಮೈಗೆ ಆರನೇ ವಯಸ್ಸಿನಲ್ಲಿ ಇಳಿದ ಪಾಠ. ಅದನ್ನು ಬಿಡು ಅನ್ನುತ್ತಾನೆ ಇವನು. ಕಾರಣ ನನಗೆ ಹೇಳಬೇಕಿರಲಿಲ್ಲ, ನನ್ನದೇ ಪಾಠ ಅದು. ಕಾಕಾ ಬಾವಿಗೆ ಒಯ್ಯುತ್ತಿದ್ದುದು ದಡದ ಗಾಳಿ. ಕೆಳಗೆ ಹೋದಂತೆ ಅದು ಎದೆಯೊಳಗೆ ಕುಗ್ಗುತ್ತದೆ, ಮೇಲೆ ಬಂದಂತೆ ಮತ್ತೆ ಮೊದಲಿನಷ್ಟೇ ಆಗುತ್ತದೆ. ಹೆಚ್ಚಾಗುವ ಮಾತಿಲ್ಲ. ಬೆನ್ನ ಮೇಲೆ ಸಿಲಿಂಡರ್ ಹೊತ್ತವನ ಕತೆ ಬೇರೆ. ಅವನು ಕೆಳಗಿನ ಒತ್ತಡದಲ್ಲೇ ಎದೆ ತುಂಬಿಕೊಂಡಿರುತ್ತಾನೆ. ಹತ್ತು ಮೀಟರ್ ಕೆಳಗೆ ತುಂಬಿಕೊಂಡ ಗಾಳಿಯನ್ನು ಹಾಗೇ ಹಿಡಿದು ಮೇಲೆ ಬಂದರೆ ಅದು ದುಪ್ಪಟ್ಟು ಹಿಗ್ಗುತ್ತದೆ. ಪುಪ್ಪುಸ ಹಿಗ್ಗುವುದಿಲ್ಲ, ಹರಿಯುತ್ತದೆ.

ಇಷ್ಟೆಲ್ಲ ತಿಳಿದೂ ನೀರಿಗಿಳಿದ ಕೂಡಲೇ ನಾನು ಮಾಡಿದ್ದು ಅದನ್ನೇ. ಉಸಿರು ಹಿಡಿದೆ. ತರಬೇತುದಾರ ನನ್ನೆದೆಗೆ ಬೆರಳಿಂದ ತಟ್ಟಿದ. ಬಿಟ್ಟೆ. ಗುಳ್ಳೆಗಳು ಕಿವಿಯ ಪಕ್ಕ ಗುಡುಗಿದವು. ಎರಡು ಮೀಟರ್ ಇಳಿಯುವುದರೊಳಗೆ ಮತ್ತೆ ಹಿಡಿದೆ. ಮತ್ತೆ ತಟ್ಟಿದ. ನಲವತ್ತು ವರ್ಷದ ಹಿಂದೆ ಬಾವಿಗೆ ಒಗೆದ ಕಾಕಾ ಒಂದು ಕಡೆ, ಎದೆ ತಟ್ಟುವ ಈ ಹುಡುಗ ಇನ್ನೊಂದು ಕಡೆ. ಇಬ್ಬರೂ ನನ್ನ ಉಸಿರಿನ ಮೇಲೆ ಜಗಳಕ್ಕೆ ಬಿದ್ದಂತಿತ್ತು. ಐದು ಮೀಟರಿನ ಹತ್ತಿರ ಹುಡುಗ ಗೆದ್ದ. ಎಳೆದುಕೊಂಡೆ, ಬಿಟ್ಟೆ, ಎಳೆದುಕೊಂಡೆ, ಬಿಟ್ಟೆ. ನೀರೊಳಗೆ ಕೂತು ಉಸಿರಾಡುವುದಕ್ಕೆ ಒಂದು ನಾಚಿಕೆ ಇದೆ, ಕದ್ದು ತಿನ್ನುವಾಗ ಆಗುತ್ತದಲ್ಲ, ಅಂಥದ್ದು.

ನನ್ನಂಥ ಹೊಸಬರಿಗೆ 12 ಮೀಟರಿಗೇ ಗೆರೆ. ಅಲ್ಲಿ ನಿಂತು, ನಿಂತು ಅನ್ನಬಾರದು, ತೇಲಿ, ಕೆಳಗೆ ನೋಡಿದೆ.

ತಳ ಕಾಣುತ್ತಿತ್ತು.

ನನ್ನ ಕೆಳಗೆ ಇನ್ನೂ 48 ಮೀಟರ್ ನೀರು. ಹದಿನಾರು ಅಂತಸ್ತಿನ ಕಟ್ಟಡದ ತುದಿಯಿಂದ ಅಂಗಳ ನೋಡಿದ ಹಾಗೆ. ದೀಪದ ಬೆಳಕು, ಕಸವಿಲ್ಲದ ನೀರು, ಕೆಳಗೆ ಇಬ್ಬರು ಮುಳುಗುಗಾರರು ಬೆರಳುದ್ದ. ಒಂದು ಎಲೆಯಿಲ್ಲ, ಮೀನಿಲ್ಲ, ರಾಡಿಯಿಲ್ಲ. ಗೋಡೆಗುಂಟ ಮುಳುಗಿದ ಊರೊಂದನ್ನು ಕಟ್ಟಿಟ್ಟಿದ್ದಾರೆ: ಪಾಳುಬಿದ್ದ ಮನೆ, ಗ್ಯಾರೇಜು, ವಿಡಿಯೊ ಗೇಮಿನ ಅಂಗಡಿ. ನನಗೆ ಹೆದರಿಕೆ ಬರಲಿಲ್ಲ. ಬರದೇ ಇದ್ದದ್ದೇ ವಿಚಿತ್ರ ಅನಿಸಿತು. ಇಷ್ಟು ಆಳದ ಮೇಲೆ ತೇಲುವವನಿಗೆ ಹೊಟ್ಟೆಯಲ್ಲಿ ಏನಾದರೂ ಆಗಬೇಕಲ್ಲ?

ಆಮೇಲೆ ಇಂಥ ಕೊಳಗಳ ಬಗ್ಗೆ ಹುಡುಕಿ ಓದಿದೆ. 2004ರಲ್ಲಿ ಬ್ರಸೆಲ್ಸ್‌ನಲ್ಲಿ ನೆಮೊ 33 ಅನ್ನುವುದು ಶುರುವಾಯಿತು, ಆಳ 34.5 ಮೀಟರ್. 2014ರಲ್ಲಿ ಇಟಲಿಯ ಪಾದುವಾ ಹತ್ತಿರ, ಬಿಸಿನೀರಿನ ಬುಗ್ಗೆಗಳ ಊರಲ್ಲಿ, 42 ಮೀಟರಿನದು ಬಂತು. 2020ರಲ್ಲಿ ಪೋಲೆಂಡ್ 45.5 ಮೀಟರಿಗೆ ಇಳಿಯಿತು. ಬೆಲ್ಜಿಯಂ, ಪೋಲೆಂಡಿನಂಥ ಚಳಿ ದೇಶದವರಿಗೆ ಬೆಚ್ಚಗಿನ ಸಮುದ್ರವಿಲ್ಲ, ಕಟ್ಟಿಕೊಂಡರು, ಅದು ಅರ್ಥವಾಗುತ್ತದೆ. ದುಬೈಗೆ ಸಮುದ್ರ ಬಾಗಿಲಲ್ಲೇ ಇದೆ. ತಮಾಷೆ ಏನೆಂದರೆ, ಆ ಪರ್ಷಿಯನ್ ಕೊಲ್ಲಿಯ ಸರಾಸರಿ ಆಳಕ್ಕಿಂತ ಈ ಕೊಳವೇ ಹೆಚ್ಚು ಆಳ. ಪಕ್ಕದ ಸಮುದ್ರಕ್ಕಿಂತ ಆಳದ ಬಾವಿ ತೋಡಿಕೊಂಡಿದ್ದಾರೆ, ಮಾಳಿಗೆಯ ಕೆಳಗೆ, 30 ಡಿಗ್ರಿ ಬೆಚ್ಚಗಿನ ಸಿಹಿನೀರು ತುಂಬಿ. 56 ಕ್ಯಾಮೆರಾ ಇಳಿಬಿಟ್ಟಿದ್ದಾರೆ, ಯಾರೂ ಯಾವ ಮೂಲೆಯಲ್ಲೂ ಕಣ್ಣಿಗೆ ತಪ್ಪದ ಹಾಗೆ.

ಅಂದರೆ ಅವರು ಮಾರುವುದು ಆಳವನ್ನಲ್ಲ. ಆಳ ನಮ್ಮಲ್ಲೂ ಬೇಕಾದಷ್ಟಿದೆ, ಬಿಟ್ಟಿ. ಆಳದಿಂದ ಕತ್ತಲೆಯನ್ನು ಸೋಸಿ ತೆಗೆದು, ಉಳಿದದ್ದನ್ನು ಮಾರುತ್ತಾರೆ.

ನಮ್ಮ ಕಡೆಯ ನೀರಿಗೆ ಕತ್ತಲೆ ಅಂಟಿಕೊಂಡೇ ಇದೆ. ಬೀದರಿನ ನೌಬಾದ್ ಬಳಿ ಬಹಮನಿಗಳ ಕಾಲದ ಸುರಂಗ ಬಾವಿಯನ್ನು ನೋಡಿದವರಿಗೆ ಗೊತ್ತು. ಪರ್ಷಿಯಾದ ಕರೇಜ್ ವಿದ್ಯೆ. ಮೇಲಿನ ಕೆಂಪು ಮುರಕಲ್ಲು ಮಳೆನೀರು ಹೀರುತ್ತದೆ, ಕೆಳಗಿನ ಕರಿಕಲ್ಲು ಇಳಿಯಗೊಡುವುದಿಲ್ಲ. ಆ ಎರಡರ ಸಂದಿನಲ್ಲಿ ಸುರಂಗ ಕೊರೆದು ಮೈಲಿಗಟ್ಟಲೆ ನೀರು ನಡೆಸಿದರು, ಗಾಳಿ ಬೆಳಕಿಗೆ ಅಲ್ಲಲ್ಲಿ ಬಾಯಿ ಬಿಟ್ಟು. ಅದೇ ಬೀದರಿನ ಝರಣಿ ನರಸಿಂಹನ ಗುಹೆಗೆ ಶಾಲೆಯಲ್ಲಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದ. ಸುಮಾರು 300 ಮೀಟರ್, ಎದೆಮಟ್ಟದ ನೀರಲ್ಲಿ, ತಲೆಯ ಮೇಲೆ ಬಾವಲಿ. ತಂಗಿ ಅಪ್ಪನ ಹೆಗಲ ಮೇಲೆ, ನಾನು ಅವನ ಸೊಂಟ ಹಿಡಿದು. ಕಾಲ ಕೆಳಗೆ ಏನಿದೆ ಅಂತ ಕಾಣುವುದಿಲ್ಲ, ಆದರೂ ನಡೆಯುತ್ತೀರಿ, ಕೊನೆಗೆ ದೇವರಿದ್ದಾನೆ ಅಂತ.

ಎಲ್ಲ ಕತ್ತಲೆಯ ಕೊನೆಗೂ ದೇವರಿರುವುದಿಲ್ಲ.

ನಮ್ಮೂರ ಸುತ್ತ ಪರ್ಸಿ ಕಲ್ಲಿನ ಖಣಿಗಳಿವೆ. ಹೊರಗಿನವರು ಶಹಾಬಾದ್ ಕಲ್ಲು ಅಂತಾರೆ, ಯಾವ ಹಳೇ ಮನೆಗೆ ಹೋದರೂ ಕಾಲಿಗೆ ತಾಗುವ ಆ ನುಣ್ಣನೆಯ ಬೂದು ಹಾಸು. ಕಲ್ಲು ತೆಗೆದು ಮುಗಿದ ಮೇಲೆ ಖಣಿಗೆ ಮಳೆನೀರು ತುಂಬುತ್ತದೆ. ಕೆರೆಗೆ ಇಳಿಜಾರು ಇರುತ್ತದೆ, ಮೊಣಕಾಲು, ಸೊಂಟ, ಎದೆ, ಹೀಗೆ ಹೇಳಿ ಹೇಳಿ ಆಳವಾಗುತ್ತದೆ. ಖಣಿ ಹೇಳುವುದಿಲ್ಲ. ಪದರು ಪದರಾಗಿ ಕಲ್ಲು ಎಬ್ಬಿಸಿರುತ್ತಾರಲ್ಲ, ಒಂದು ಹಾಸಿನ ಮೇಲೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ನಾಲ್ಕಾಳು. ಹಾಸಿನ ಮೇಲೆ ಪಾಚಿ. ಹಿಡಿಯಲು ಬೇರಿಲ್ಲ, ಮೆಟ್ಟಿಲಿಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದೆ. ನನ್ನ ಬೆಂಚಿನ ಹುಡುಗ. ಎಮ್ಮೆ ಮೈ ತೊಳೆಯಲು ಹೋಗಿದ್ದ. ಕಾಕಾನನ್ನು ಕರೆಯಲು ಓಡಿ ಬಂದವರು ಅವನನ್ನು ಊಟದ ತಾಟಿನ ಮುಂದಿಂದ ಎಬ್ಬಿಸಿಕೊಂಡು ಹೋದರು. ಅಪ್ಪ ಹಗ್ಗ ಹಿಡಿದ. ಕಾಕಾ ಒಂದು ಸಲ ಮುಳುಗಿ ಬರಿಗೈಯಲ್ಲಿ ಬಂದ. ಎರಡನೇ ಸಲವೂ. ದಡದಲ್ಲಿದ್ದ ನಾವು ಆ ದಿನ ಎಣಿಸಲಿಲ್ಲ. ಮೂರನೇ ಸಲ ಹಗ್ಗ ಜಗ್ಗಿತು.

ಕಾಕಾ ಆ ಬಗ್ಗೆ ಮಾತಾಡಿದ್ದು ಒಮ್ಮೆ ಮಾತ್ರ, ಅದೂ ನಾನು ಕೆಲಸಕ್ಕೆ ಸೇರಿದ ಮೇಲೆ. ತೆಳಗ ಹ್ಯಾಂಗ ಹುಡುಕ್ತಿದ್ದಿ ಕಾಕಾ ಅಂತ ಕೇಳಿದ್ದೆ. ಕೊಡಗಳ ಬಗ್ಗೆ ಕೇಳಿದ್ದು ನಾನು. "ತೆಳಗ ಏನೂ ಕಾಣಂಗಿಲ್ಲೋ. ಕೈಯೇ ಕಣ್ಣು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕೈಗೆ ಕೊಡ ಯಾವ್ದು, ಕೂದ್ಲ ಯಾವ್ದು ಅಂತ ಗೊತ್ತಾಗಿಬಿಡ್ತದ," ಅಂದ.

ಆ ಬಿಳಿಯ ಬೆಳಕಿನ ಕೊಳದಲ್ಲಿ ತರಬೇತುದಾರ ಇನ್ನೊಂದು ಮಾತು ಹೇಳಿದ್ದ. ಏನನ್ನೂ ಮುಟ್ಟಬೇಡಿ, ಕೈ ಎದೆಗೆ ಕಟ್ಟಿಕೊಳ್ಳಿ, ಬರೀ ನೋಡಿ. ಹಾಗೇ ಕೈಕಟ್ಟಿಕೊಂಡು ತೇಲುತ್ತಿದ್ದೆ. ಬರೀ ಕಣ್ಣು. ಕಾಕಾನ ನೀರಿನಲ್ಲಿ ಬರೀ ಕೈ.

ಒಂದು ಲೆಕ್ಕ ಮಾತ್ರ ಕಾಕಾನ ಪರವಾಗಿ ಹೇಳಲೇಬೇಕು, ಫಿಸಿಕ್ಸ್ ಮಾಸ್ತರನಾಗಿ. ನೀರಿನ ಮೇಲೆ ಒಂದು ವಾತಾವರಣದ ಒತ್ತಡ, ಹತ್ತು ಮೀಟರಿಗೆ ಎರಡು, ಇಪ್ಪತ್ತಕ್ಕೆ ಮೂರು, ಮೂವತ್ತಕ್ಕೆ ನಾಲ್ಕು. ಎದೆಯ ಗಾಳಿ ಅರ್ಧಕ್ಕೆ ಕುಗ್ಗಲು ಮೊದಲ ಹತ್ತು ಮೀಟರ್ ಸಾಕು. ಅದರ ಅರ್ಧಕ್ಕೆ ಇಳಿಯಲು ಇನ್ನೂ ಇಪ್ಪತ್ತು ಮೀಟರ್ ಬೇಕು. ದೇಹ ಹೆಚ್ಚು ಜಗ್ಗಾಟಕ್ಕೆ ಬೀಳುವುದು ಆ ಮೊದಲ ತುಂಡಿನಲ್ಲೇ. ಐದಾಳು ಬಾವಿಯ ತಳಕ್ಕೆ ಇಳಿದು ಬರುತ್ತಿದ್ದ ಕಾಕಾ ಸಿಲಿಂಡರ್ ಇಲ್ಲದೆ, ಕನ್ನಡಕವಿಲ್ಲದೆ, ದಾಟುತ್ತಿದ್ದುದು ಆ ತುಂಡನ್ನೇ.

ಆಮೇಲಿನ ಆಳದ ಕಷ್ಟ ಬೇರೆ ಜಾತಿಯದು. 60 ಮೀಟರಿನಲ್ಲಿ ಏಳು ಪಟ್ಟು ಒತ್ತಡ, ಪ್ರತಿ ಉಸಿರಿಗೂ ಏಳು ಪಟ್ಟು ಗಾಳಿ ಖರ್ಚು. ಮೇಲೆ ಒಂದು ತಾಸು ಬರುವ ಸಿಲಿಂಡರ್ ಅಲ್ಲಿ ಒಂಬತ್ತು ನಿಮಿಷವೂ ಬರುವುದಿಲ್ಲ. ಸುಮಾರು 30 ಮೀಟರ್ ದಾಟಿದರೆ ಗಾಳಿಯಲ್ಲಿನ ನೈಟ್ರೋಜನ್ ತಲೆಗೇರಿ ಸೇಂದಿ ಕುಡಿದವರ ಹಾಗೆ ಮಾಡುತ್ತದೆ. ಅದಕ್ಕೇ ಬಹಳ ಆಳಕ್ಕೆ ಹೋಗುವವರು ಹೀಲಿಯಂ ಬೆರೆಸಿಕೊಳ್ಳುತ್ತಾರೆ. ರಕ್ತದಲ್ಲಿ ಕರಗಿದ ನೈಟ್ರೋಜನ್ ಸೋಡಾ ಬಾಟಲಿಯ ಹಾಗೆ ನೊರೆಯೇಳದಿರಲು ನಿಂತು ನಿಂತು ಮೇಲೆ ಬರಬೇಕು. ತಂಗಿಯ ಮಗನಿಗೆ 30 ಮೀಟರಿನವರೆಗೆ ಪರವಾನಗಿ ಇತ್ತು, ಅಲ್ಲಿಗೇ ನಿಂತ. ನನ್ನ ವಿಮಾನ ಮರುದಿನ ಸಂಜೆ ಇದ್ದದ್ದು ಒಳ್ಳೆಯದಾಯಿತು. ಒಂದೇ ಸಲ ಮುಳುಗಿದವರೂ ಕನಿಷ್ಠ 12 ತಾಸು ಹಾರಬಾರದಂತೆ, ಅದೇ ನೈಟ್ರೋಜನ್ ದೆಸೆಯಿಂದ.

ಹೊರಗೆ ಬಂದು ಕಟ್ಟಡವನ್ನು ಮತ್ತೊಮ್ಮೆ ನೋಡಿದೆ. ಸಿಂಪಿ. ಆ ದೇಶದವರ ಅಜ್ಜಂದಿರು ಮುತ್ತಿಗಾಗಿ ಮುಳುಗುತ್ತಿದ್ದರು, ಅದರ ನೆನಪಿಗೆ. ಮೂಗಿಗೆ ಚಿಮಟಿ, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ, ದೋಣಿಯ ಮೇಲೆ ಹಗ್ಗ ಎಳೆಯುವವನೊಬ್ಬ. ಬೇಸಿಗೆಯ ನಾಲ್ಕು ತಿಂಗಳು ಅದೇ ಬದುಕು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಬಂದು ಅದು ಕುಸಿಯಿತು. ಅಷ್ಟರವರೆಗೆ ಆ ಮುತ್ತು ಮುಂಬಯಿಗೆ ಬಂದು, ಅಲ್ಲಿಂದ ಹೈದರಾಬಾದಿನ ಪೇಟೆಗೂ ಬರುತ್ತಿತ್ತು, ಬಸರಾ ಮುತ್ತು ಅನ್ನುವ ಹೆಸರಲ್ಲಿ. ನಮ್ಮದು 1948ರವರೆಗೆ ನಿಜಾಮನ ಸೀಮೆ. ನಮ್ಮಾಯಿಯ ನತ್ತಿನಲ್ಲಿ ಇದ್ದ ಎರಡು ಮಾಸಲು ಮುತ್ತನ್ನು ಅವಳು ಬಸರಾದ್ದು ಅಂತಲೇ ಹೇಳುತ್ತಿದ್ದಳು. ಖರೆಯೋ ಸುಳ್ಳೋ. ಖರೆಯಾಗಿದ್ದರೆ ಯಾವನೋ ಒಬ್ಬ ಮೂಗು ಹಿಡಿದು, ಉಗುಳು ನುಂಗಿ, ಕೈಯನ್ನೇ ಕಣ್ಣು ಮಾಡಿಕೊಂಡು ಅದನ್ನು ಮೇಲೆ ತಂದಿರಬೇಕು.

ಕಲಬುರಗಿಗೆ ಮರಳಿದಾಗ ಏಪ್ರಿಲ್. ಓಣಿಯಲ್ಲಿ ಟ್ಯಾಂಕರ್ ಹಾರ್ನು. ಹೆಂಡತಿಗೆ ಫೋಟೊ ತೋರಿಸುತ್ತ, ಒಂದು ಕೋಟಿ 40 ಲಕ್ಷ ಲೀಟರ್ ನೀರು ಅಂದೆ. ಅವಳು ಸಿಂಟೆಕ್ಸಿನ ಮುಚ್ಚಳ ತೆಗೆದು ಪೈಪು ಬಿಡುತ್ತಿದ್ದಳು. "ಎಷ್ಟ್ ಟ್ಯಾಂಕರ್ ಆಗ್ತದ ಅದು?" ಐದು ಸಾವಿರ ಲೀಟರಿನದಾದರೆ 2,800. ದಿನಕ್ಕೊಂದು ತರಿಸಿದರೂ ಏಳೂವರೆ ವರ್ಷ. "ಬರೋವಾಗ ಒಂದರ ತುಂಬ್ಕೊಂಡು ಬರಬೇಕಿತ್ತು ನೀವು," ಅಂದಳು. ಆ ನೀರು ಒಮ್ಮೆ ತುಂಬಿದ್ದೇ ಸೋಸಿ ಸೋಸಿ ಮತ್ತೆ ಬಳಸುತ್ತಾರೆ, ದಿನಾ ಚೆಲ್ಲುವುದಿಲ್ಲ, ದುಬೈಯವರು ಸಮುದ್ರದ ಉಪ್ಪು ತೆಗೆದು ನೀರು ಮಾಡಿಕೊಳ್ಳುತ್ತಾರೆ ಅಂತೆಲ್ಲ ಹೇಳಹೋದೆ. ಪೈಪಿನ ಸದ್ದಿಗೆ ಅದು ಅವಳಿಗೆ ಕೇಳಲಿಲ್ಲ. ಕೇಳಿದ್ದರೂ ನನ್ನ ವಕಾಲತ್ತು ಅಷ್ಟೇನೂ ಗಟ್ಟಿ ಇರಲಿಲ್ಲ.

ತಂಗಿಯ ಮಗ ರಜೆಗೆ ಬಂದಾಗ ಇಬ್ಬರೂ ಊರಿಗೆ ಹೋದೆವು. ಕಾಕಾನಿಗೆ ಈಗ ಎಪ್ಪತ್ತೆಂಟು. ಒಂದು ಕಿವಿ ಮಂದ. ಮನೆಮನೆಗೆ ನಲ್ಲಿ ಬಂದಿದೆ. ಬಾವಿಗೆ ಜಾಲರಿ ಹೊದಿಸಿದ್ದಾರೆ, ಪಾತಾಳಗರಡಿ ಕೊಟ್ಟಿಗೆಯ ಮೊಳೆಯಲ್ಲಿ ತುಕ್ಕು ಹಿಡಿದು ತೂಗುತ್ತಿದೆ. ಕಟ್ಟೆಯ ಮೇಲೆ ಕೂರಿಸಿ ಮೊಬೈಲಿನಲ್ಲಿ ವಿಡಿಯೊ ಹಚ್ಚಿದೆವು.

"ಎಷ್ಟ್ ಆಳ ಅದ?"

"ಅರವತ್ತು ಮೀಟರ್, ಮುತ್ಯಾ," ಅಂದ ಹುಡುಗ.

"ಮೀಟರ್ ಬ್ಯಾಡ. ಮಾರು ಹೇಳು."

"ಮೂವತ್ಮೂರು ಮಾರು, ಕಾಕಾ," ಅಂದೆ ನಾನು. ತೋಳು ಚಾಚಿ ಹಗ್ಗ ಅಳೆದವನಿಗೆ ಅದು ತಿಳಿಯಿತು. ಹುಬ್ಬೇರಿಸಿದ. ತಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ನೀರಿನದೇ ಅರವತ್ತು ಟನ್ ಭಾರ, ತೊಗರಿ ತುಂಬಿದ ಆರು ಲಾರಿ ನಿಂತ ಹಾಗೆ ಅಂತ ನಾನು ವಿವರಿಸುತ್ತಿದ್ದೆ. ಅವನು ಕೇಳಿಸಿಕೊಳ್ಳಲಿಲ್ಲ, ಮೊಬೈಲನ್ನು ಮಂದವಾಗಿದ್ದ ಕಣ್ಣಿನ ಹತ್ತಿರಕ್ಕೆ ಒಯ್ದ.

"ತೆಳಗಿನ ನೆಲ ಕಾಣ್ತದೇನು?"

"ಹೌದು ಮುತ್ಯಾ, ಮ್ಯಾಲಿಂದನೇ ಕಾಣ್ತದ."

ಮತ್ತೆ ಹಚ್ಚು ಅಂದ. ಮತ್ತೆ ಹಚ್ಚಿದೆವು. ಮುಳುಗಿದ ಮನೆಯ ಬಾಗಿಲು, ಗ್ಯಾರೇಜು, ಅದರೊಳಗಿನ ಗಾಡಿ, ಒಂದೊಂದಾಗಿ ದಾಟುತ್ತಿದ್ದವು. ಗಾಡಿ ಬಂದಾಗ ಅವನ ಹೆಬ್ಬೆರಳು ಪರದೆಯ ಮೇಲೆ ಬಿತ್ತು, ವಿಡಿಯೊ ನಿಂತಿತು.

"ಇಷ್ಟು ಛಲೋ ಕಾಣ್ತದಂತೀರಿ. ಮತ್ತ ಇವ್ನೆಲ್ಲಾ ಯಾಕ ಯಾರೂ ಎತ್ತಿಲ್ಲ?"

"ಬೇಕಂತ್ಲೇ ಮುಳುಗ್ಸಿ ಇಟ್ಟಾರ ಮುತ್ಯಾ, ನೋಡ್ಲಿಕ್ಕ," ಅಂದು ಹುಡುಗ ನಕ್ಕ.

ಕಾಕಾ ನಗಲಿಲ್ಲ. ನಿಂತ ಚಿತ್ರವನ್ನೇ ಇನ್ನೊಂದಿಷ್ಟು ಹೊತ್ತು ನೋಡಿ, ಮೊಬೈಲನ್ನು ನನ್ನ ಕೈಗಿಟ್ಟು, ದನಕ್ಕೆ ನೀರು ಕುಡಿಸುವ ಹೊತ್ತಾಯಿತೆಂದು ಎದ್ದ.